ಕೊಸರಿಗೆ ಕೊಟ್ಟ ಬೀಗದ ಕೈ

ಗಾಂಧಿ ಬಜಾರಿನ ಸೊಪ್ಪಿನಜ್ಜಿಯ ಹತ್ತಿರ ಎರಡು ಕಟ್ಟು ದಂಟು, ಒಂದು ಕಟ್ಟು ಮೆಂತ್ಯ ಕೊಂಡರೆ ಒಂದು ಕಡ್ಡಿ ಕರಿಬೇವು ಕೊಸರು. ಆ ಕರಿಬೇವನ್ನು ಯಾರೂ ತಿರುವಿ ನೋಡುವುದಿಲ್ಲ. ಬಾಡಿದ್ದರೂ, ಎಲೆಯ ಹಿಂದೆ ಹುಳ ಕೂತಿದ್ದರೂ ಕೇಳುವಂತಿಲ್ಲ. ಕೇಳಿದರೆ "ಪುಕ್ಕಟೆ ಕೊಟ್ಟಿದ್ದಕ್ಕೂ ವರಾತ ತೆಗೀತೀಯಲ್ಲಪ್ಪ" ಎಂದು ಅಜ್ಜಿ ಇಡೀ ಸಾಲಿಗೆ ಕೇಳಿಸುವಂತೆ ಹೇಳುತ್ತಾಳೆ. ಕಂಪ್ಯೂಟರ್ ವ್ಯಾಪಾರದಲ್ಲಿ ಹೀಗೆ ಕೊಸರಾಗಿ ಬರುವ, ಚಿಪ್ಪನ್ನು ನಡೆಸುವ ತಂತ್ರಾಂಶದ ಸರಕಿಗೆ ಡಿವೈಸ್ ಡ್ರೈವರ್ ಎಂದು ಹೆಸರು. ವೈಫೈ ಚಿಪ್ಪಿಗೂ ನೆಟ್‌ವರ್ಕ್ ಕಾರ್ಡಿಗೂ ಈ ಕೊಸರು ಕಟ್ಟಿಕೊಡುವುದೇ ಹದಿನೈದು ವರ್ಷದಿಂದ ನನ್ನ ಹೊಟ್ಟೆಪಾಡು.

ಚಿಪ್ಪಿಗೆ ಬೆಲೆ ಇದೆ, ಡಬ್ಬಿಗೆ ಬೆಲೆ ಇದೆ, ಡಬ್ಬಿಯ ಮೇಲೆ ಅಂಟಿಸುವ ಹೊಳೆಯುವ ಚೀಟಿಗೂ ಬೆಲೆ ಇದೆ. ಡ್ರೈವರಿಗೆ ಮಾತ್ರ ಬಿಲ್ಲಿನಲ್ಲಿ ಒಂದು ಸಾಲೂ ಇಲ್ಲ. ಕಂಪನಿಯ ಖಾತೆಯಲ್ಲಿ ಅದು ಬರೀ ಖರ್ಚಿನ ಬಾಬ್ತು. ಖರ್ಚಿನ ಬಾಬ್ತನ್ನು ಏನು ಮಾಡಬೇಕೆಂದು ಎಂಬಿಎ ಮಾಡಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಷ್ಟೇ ಆಗಿದ್ದರೆ ಅದೂ ಕರಿಬೇವಿನ ಹಾಗೆ ಒಗ್ಗರಣೆಗೆ ಬಿದ್ದು, ಊಟದ ಹೊತ್ತಿಗೆ ಎಲೆಯ ಬದಿಗೆ ಸರಿದು, ಕತೆ ಮುಗಿಯುತ್ತಿತ್ತು. ಆದರೆ ಈ ಕೊಸರು ಹೋಗಿ ಕೂರುವುದು ಗರ್ಭಗುಡಿಯಲ್ಲಿ. ಆಪರೇಟಿಂಗ್ ಸಿಸ್ಟಂನ ಕರ್ನಲ್ ಎಂದು ಕರೆಯುವ ಆ ಜಾಗಕ್ಕೆ ಸೇರಿದವರಿಗೆ ಯಾವ ಬಾಗಿಲೂ ಮುಚ್ಚಿಲ್ಲ. ನಿಮ್ಮ ಬ್ಯಾಂಕಿನ ಆ್ಯಪ್ ಕ್ಯಾಮೆರಾ ಮುಟ್ಟಬೇಕಾದರೆ ಪ್ರಾಕಾರದಲ್ಲಿ ನಿಂತು ಕೈಮುಗಿದು ಅನುಮತಿ ಕೇಳುತ್ತದೆ. ಡ್ರೈವರ್ ಯಾರನ್ನೂ ಏನನ್ನೂ ಕೇಳುವುದಿಲ್ಲ. ಪುಕ್ಕಟೆ ಬಂದವನ ಸೊಂಟದಲ್ಲಿ ಇಡೀ ಮನೆಯ ಬೀಗದ ಕೈ ಗೊಂಚಲು.

ಬೆಂಗಳೂರಿನಲ್ಲಿ ಆಟೋ ಓಡಿಸುವವನ ಬೆನ್ನ ಹಿಂದೆ ಅವನ ಫೋಟೊ, ಹೆಸರು, ಪರವಾನಗಿ ಸಂಖ್ಯೆ ಬರೆದ ಕಾರ್ಡೊಂದು ಇರಬೇಕು. ಮೂರು ಕಿಲೋಮೀಟರು ದೂರಕ್ಕೆ ಕರೆದೊಯ್ಯುವವನ ಕುಲಗೋತ್ರ ನಮಗೆ ಬೇಕು. ಲ್ಯಾಪ್‌ಟಾಪಿನೊಳಗಿನ ಡ್ರೈವರನ್ನು ಬರೆದವರು ಯಾರು, ಓದಿ ಸರಿಯಿದೆ ಅಂದವರು ಯಾರು ಎಂದು ಕೇಳಿದವರನ್ನು ನಾನು ನೋಡಿಲ್ಲ. ಡಿಜಿಟಲ್ ಸಹಿ ಇರುತ್ತದಲ್ಲ ಅನ್ನುತ್ತಾರೆ ತಿಳಿದವರು. ಇರುತ್ತದೆ. ಅದು ಗೆಜೆಟೆಡ್ ಅಧಿಕಾರಿ ಅಂಕಪಟ್ಟಿಯ ಜೆರಾಕ್ಸಿನ ಮೇಲೆ ಹಾಕುವ ಸಹಿಯ ಜಾತಿಯದು. ಪ್ರತಿ ಅಸಲಿನಂತೆಯೇ ಇದೆ ಎಂದು ಅದು ಹೇಳುತ್ತದೆ. ಹುಡುಗ ಗಣಿತದಲ್ಲಿ ಪಾಸೋ ಫೇಲೋ ಎಂಬುದು ಅಧಿಕಾರಿಯ ತಲೆನೋವಲ್ಲ.

2001ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಲಿನಕ್ಸ್ ಕರ್ನಲ್ಲಿನ ತಪ್ಪುಗಳನ್ನು ಯಂತ್ರದಿಂದ ಹೆಕ್ಕಿಸಿ ಎಣಿಸಿದರು. ಕೆಲವು ಬಗೆಯ ತಪ್ಪುಗಳು ಕರ್ನಲ್ಲಿನ ಉಳಿದ ಭಾಗಕ್ಕಿಂತ ಡ್ರೈವರುಗಳಲ್ಲಿ ಮೂರರಿಂದ ಏಳು ಪಟ್ಟು ದಟ್ಟವಾಗಿದ್ದವು. ನಮ್ಮ ಕಸುಬಿನವರಿಗೆ ಇದರಿಂದ ಅವಮಾನವಾಗಬೇಕಿತ್ತು. ಆಗಲಿಲ್ಲ. ಕೊಸರಿಗೆ ಇಷ್ಟಾದರೂ ಗಮನ ಸಿಕ್ಕಿತಲ್ಲ ಎಂದು ಖುಷಿಪಟ್ಟರು.

ಒಂದು ತಪ್ಪನ್ನಾದರೂ ಹತ್ತಿರದಿಂದ ನೋಡೋಣ. ನಿಮ್ಮ ಫೋನು ವೈಫೈ ಪಟ್ಟಿ ತೋರಿಸುತ್ತದಲ್ಲ, ಆ ಪಟ್ಟಿ ಹೇಗೆ ಬರುತ್ತದೆ? ಸುತ್ತಲ ಪ್ರತಿಯೊಂದು ವೈಫೈ ಪೆಟ್ಟಿಗೆಯೂ ಸಂತೆಯ ವ್ಯಾಪಾರಿಯ ಹಾಗೆ ಸೆಕೆಂಡಿಗೆ ಸುಮಾರು ಹತ್ತು ಸಲ ತನ್ನ ಹೆಸರನ್ನು ಕೂಗುತ್ತಿರುತ್ತದೆ. ಆ ಕೂಗನ್ನೆಲ್ಲ ಡ್ರೈವರ್ ಕೇಳಿಸಿಕೊಂಡು ಬರೆದಿಟ್ಟುಕೊಳ್ಳುತ್ತದೆ. ಇದು ಪಾಸ್‌ವರ್ಡ್ ಕೇಳುವುದಕ್ಕಿಂತ ಎಷ್ಟೋ ಮೊದಲಿನ ಮಾತು. ಪರಿಚಯವಿಲ್ಲ, ನಂಬಿಕೆಯಿಲ್ಲ, ಬೀದಿಯಲ್ಲಿ ಹೋಗುವ ಯಾವನೋ ಕೂಗಿದ್ದು ನೇರವಾಗಿ ಗರ್ಭಗುಡಿಗೆ. ಕೂಗಿನ ರೂಪವೂ ಸರಳ: ಮೊದಲ ಬೈಟು "ಇದು ಹೆಸರು" ಅನ್ನುತ್ತದೆ, ಎರಡನೆಯದು "ಇಷ್ಟುದ್ದ ಇದೆ" ಅನ್ನುತ್ತದೆ, ಆಮೇಲೆ ಹೆಸರು. ಉದ್ದ ಹೇಳುವ ಬೈಟಿನಲ್ಲಿ 255ರವರೆಗೆ ಏನು ಬೇಕಾದರೂ ಬರೆಯಬಹುದು. ಹೆಸರು 32 ಬೈಟು ಮೀರಬಾರದು ಎಂಬುದು ನಿಯಮ.

ಇನ್ನು ಈ ನಿಯಮದ ಬಗ್ಗೆ ನಮ್ಮಲ್ಲಿ ನಡೆದ ಒಂದು ಮೀಟಿಂಗು. ವರ್ಷಗಳ ಹಿಂದಿನ ಮಾತು, ಕಂಪನಿಯ ಹೆಸರು ಬೇಡ. ಉದ್ದವನ್ನು ಪರೀಕ್ಷಿಸುವ ಒಂದು ಸಾಲು ಸೇರಿಸಬೇಕೆಂದು ನಾನು ಕೈಯೆತ್ತಿದೆ.

"ಸ್ಟ್ಯಾಂಡರ್ಡಲ್ಲಿ ಏನಿದೆ?" ಎಂದರು ಮ್ಯಾನೇಜರು.

"32 ಅಂತ ಇದೆ ಸರ್."

"ಇದೆ ತಾನೆ? ಮತ್ಯಾಕ್ರೀ ಚೆಕ್ಕು?"

"ಯಾರಾದ್ರೂ ಬೇಕು ಅಂತಲೇ ಜಾಸ್ತಿ ಕಳಿಸಿದ್ರೆ..."

"ಸ್ಟ್ಯಾಂಡರ್ಡ್ ಮುರಿದಿದ್ದು ಅವ್ರ ತಪ್ಪಾಗತ್ತೆ. ನಮ್ಮದು ಹೇಗಾಗತ್ತೆ?"

ಮಾತು ಅಲ್ಲಿಗೆ ನಿಂತಿತು. ಕಳ್ಳತನ ಅಪರಾಧ ಎಂದು ಕಾನೂನಿನಲ್ಲಿ ಬರೆದಿರುವಾಗ ಬಾಗಿಲಿಗೆ ಚಿಲಕ ಹಾಕುವುದು ಸರ್ಕಾರದ ಮೇಲೆ ಅಪನಂಬಿಕೆ ತೋರಿಸಿದ ಹಾಗೆ. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬರು, ಒಂದೊಂದು ಪರೀಕ್ಷೆಗೂ ವೇಗ ಎಷ್ಟು ಕುಸಿಯುತ್ತದೆ ಎಂದು ಗ್ರಾಫಿನಲ್ಲಿ ತೋರಿಸಿದರು. ಕುಸಿತವನ್ನು ಕಾಣಿಸಲು ಗ್ರಾಫನ್ನು ಸಾಕಷ್ಟು ಹಿಗ್ಗಿಸಬೇಕಾಗಿತ್ತು, ಹಿಗ್ಗಿಸಿದ್ದರು.

ಹಾಗೆ ನೋಡಿದರೆ ಈ 32ರ ಮಿತಿ ಕನ್ನಡಿಗರಿಗೆ ಬೇರೆಯೇ ಒಂದು ತೊಂದರೆ ಕೊಟ್ಟಿದೆ. ಯೂನಿಕೋಡಿನ ರೂಢಿಯ ಬರವಣಿಗೆಯಲ್ಲಿ ಕನ್ನಡದ ಒಂದು ವ್ಯಂಜನಕ್ಕೆ ಮೂರು ಬೈಟು, ಗುಣಿತಕ್ಕೆ ಮೂರು, ಸೊನ್ನೆಗೆ ಮೂರು, ಒತ್ತಿನ ಕೊಕ್ಕೆಗೂ ಮೂರು. ಮನೆಯ ವೈಫೈಗೆ "ಶ್ರೀ ವೆಂಕಟೇಶ್ವರ" ಎಂದು ಹೆಸರಿಡಲು ಹೋಗಿ ನೋಡಿ. ವೆಂಕಟೇಶ್ವರನಿಗೆ 30 ಬೈಟು, ಹೇಗೋ ಒಳಗೆ ಹಿಡಿಯುತ್ತಾನೆ. ಶ್ರೀಗೆ 12, ನಡುವಿನ ಖಾಲಿ ಜಾಗಕ್ಕೆ ಒಂದು. ಒಟ್ಟು 43. ದೇವರಿಗೆ ಪ್ರವೇಶ ಉಂಟು, ದೇವಿಗೆ ಇಲ್ಲ. ರೂಟರಿನ ಸೆಟ್ಟಿಂಗ್ ಪುಟ ಇದನ್ನು ಕಟ್ಟುನಿಟ್ಟಾಗಿ ತಡೆಯುತ್ತದೆ. ಅಂದರೆ ಭಕ್ತರನ್ನು ತಡೆಯಲು ಪರೀಕ್ಷೆ ಇದೆ. ಕಳ್ಳನು ಸೆಟ್ಟಿಂಗ್ ಪುಟ ತೆರೆಯುವವನಲ್ಲ, ಕೂಗು ಹೊತ್ತ ಪ್ಯಾಕೆಟ್ಟನ್ನು ತಾನೇ ಕೈಯಾರೆ ಕಟ್ಟುವವನು.

2006ರ ನವೆಂಬರಿನಲ್ಲಿ ಕೆಲವು ಸಂಶೋಧಕರು "ಕರ್ನಲ್ ದೋಷಗಳ ಮಾಸ" ಆಚರಿಸಿದರು. ದಿನಕ್ಕೊಂದರಂತೆ ದೋಷ ಬಯಲಿಗೆ. ಶ್ರಾವಣ ಶನಿವಾರದ ಉಪವಾಸದಷ್ಟೇ ನಿಷ್ಠೆ. ಅದರಲ್ಲಿ ಬ್ರಾಡ್‌ಕಾಮ್ ಕಂಪನಿಯ ವಿಂಡೋಸ್ ವೈಫೈ ಡ್ರೈವರಿನದು ಇದೇ ಕತೆ: ಉದ್ದನೆಯ ಹೆಸರು ಹೇಳಿದರೆ ಡ್ರೈವರಿನ ಸ್ಟ್ಯಾಕ್ ಎಂಬ ನೆನಪಿನ ಜಾಗ ತುಂಬಿ ಹರಿದು, ಹೇಳಿದವನ ಕೋಡು ಕರ್ನಲ್ಲಿನಲ್ಲೇ ಓಡುತ್ತಿತ್ತು. ಲ್ಯಾಪ್‌ಟಾಪು ಯಾವ ವೈಫೈಗೂ ಸೇರಿರಬೇಕಾಗಿರಲಿಲ್ಲ, ಸುಮ್ಮನೆ ಆನ್ ಆಗಿದ್ದರೆ ಸಾಕು. ಡಿ-ಲಿಂಕ್, ನೆಟ್‌ಗಿಯರ್ ಅಡಾಪ್ಟರುಗಳ ಡ್ರೈವರುಗಳೂ ಅದೇ ತಿಂಗಳು ಅದೇ ಜಾತಿಯ ಕಾಯಿಲೆಯಿಂದ ಮಲಗಿದವು. ಆಗ ಎಲ್ಲರೂ ಪಾಠ ಕಲಿತೆವು ಎಂದರು. 2022ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಲಿನಕ್ಸಿನ ವೈಫೈ ಭಾಗಕ್ಕೆ ಅಡ್ಡಾದಿಡ್ಡಿ ಕೂಗುಗಳನ್ನು ಕೇಳಿಸಿದಾಗ ಮತ್ತೆ ಅದೇ ಕಿಟಕಿಯಲ್ಲಿ ಒಂದಲ್ಲ, ಹಲವು ತೂತು. ಕಿಟಕಿ ಹಳೆಯದಾದರೂ ತೂತುಗಳು ಹೊಸವು, 2019ರಲ್ಲಿ ಸೇರಿಸಿದ ಒಂದು ಹೊಸ ಸೌಲಭ್ಯದ ಜೊತೆ ಬಂದವು. ಹದಿನಾರು ವರ್ಷದಲ್ಲಿ ನಾವು ಕಲಿತ ಪಾಠವನ್ನು ಯಾರಿಗೂ ದಾಟಿಸದೆ ಜೋಪಾನವಾಗಿ ಇಟ್ಟುಕೊಂಡಿದ್ದೆವು.

ಬೀದಿಯವನನ್ನು ನಂಬಬಾರದು, ಸರಿ. ಮನೆಯವನನ್ನು? ಡ್ರೈವರ್ ಬರೆಯುವವರ ಲೋಕದಲ್ಲಿ ಚಿಪ್ಪು ಅಂದರೆ ಮನೆ ಅಳಿಯ. ಅವನು ಹೇಳಿದ್ದನ್ನು ಪ್ರಶ್ನಿಸುವುದು ಮರ್ಯಾದೆಯಲ್ಲ. "ಹತ್ತು ಫಲಿತಾಂಶ ತಂದಿದ್ದೇನೆ" ಅಂದರೆ ಹತ್ತು, "ಹತ್ತು ಸಾವಿರ" ಅಂದರೆ ಹತ್ತು ಸಾವಿರ. ಆದರೆ ಈ ಅಳಿಯ ಬರೀ ರೇಡಿಯೊ ಆಗಿದ್ದ ಕಾಲ ಎಂದೋ ಹೋಯಿತು. ಈಗಿನ ವೈಫೈ ಚಿಪ್ಪಿನೊಳಗೆ ತನ್ನದೇ ಪ್ರೊಸೆಸರು, ತನ್ನದೇ ನೆನಪು, ತನ್ನದೇ ಪುಟ್ಟ ಆಪರೇಟಿಂಗ್ ಸಿಸ್ಟಂ. ನಿಮ್ಮ ಜೇಬಿನಲ್ಲಿ ಇರುವುದು ಒಂದು ಕಂಪ್ಯೂಟರಲ್ಲ, ಹಲವು. ಅವುಗಳಲ್ಲಿ ಹೆಚ್ಚಿನವುಗಳ ಪರಿಚಯ ನಿಮಗಿಲ್ಲ.

2017ರ ಏಪ್ರಿಲಿನಲ್ಲಿ ಗೂಗಲ್‌ನ ಪ್ರಾಜೆಕ್ಟ್ ಜೀರೊ ಎಂಬ ಭದ್ರತಾ ತಂಡದ ಗಾಲ್ ಬೆನಿಯಾಮಿನಿ ಇಂಥ ಒಂದು ಬ್ರಾಡ್‌ಕಾಮ್ ಚಿಪ್ಪಿನೊಳಗೆ ಇಣುಕಿ ನೋಡಿದರು. ಸಾಮಾನ್ಯ ಕಂಪ್ಯೂಟರುಗಳಲ್ಲಿ ವರ್ಷಗಳಿಂದ ರೂಢಿಯಲ್ಲಿದ್ದ ಒಂದು ರಕ್ಷಣೆಯೂ ಅಲ್ಲಿರಲಿಲ್ಲ. ಸ್ಟ್ಯಾಕಿಗೆ ಕಾವಲಿಲ್ಲ. ನೆನಪಿನ ಪ್ರತಿ ಮೂಲೆಯಲ್ಲೂ ಓದಬಹುದು, ಬರೆಯಬಹುದು, ಬರೆದದ್ದನ್ನು ಅಲ್ಲೇ ಓಡಿಸಬಹುದು. ಬಾಗಿಲಿಗೆ ಬೀಗ ಹಾಕುವ ಯಂತ್ರ ಚಿಪ್ಪಿನೊಳಗೇ ಇತ್ತು ಎಂಬುದು ಇದರ ಸೊಗಸು. ಅದನ್ನು ಎಲ್ಲ ಬಾಗಿಲೂ ತೆರೆದಿರುವಂತೆ ಹೊಂದಿಸಿಟ್ಟಿದ್ದರು. ವೈಫೈ ವ್ಯಾಪ್ತಿಯೊಳಗೆ ನಿಂತು, ಫೋನನ್ನು ಮುಟ್ಟದೆ, ಬೆನಿಯಾಮಿನಿ ಮೊದಲು ಚಿಪ್ಪನ್ನು ಹಿಡಿದರು. ಆಮೇಲೆ ಚಿಪ್ಪು ಡ್ರೈವರಿಗೆ ಒಂದು ಸುಳ್ಳು ಸಂಖ್ಯೆ ಹೇಳಿತು, ಡ್ರೈವರ್ ನಂಬಿತು. ಅಳಿಯನ ಮಾತಲ್ಲವೇ. ಅಲ್ಲಿಗೆ ಇಡೀ ನೆಕ್ಸಸ್ ಫೋನು ಕೈವಶ. ಅದೇ ವರ್ಷದ ಜುಲೈಯಲ್ಲಿ ನಿತಾಯ್ ಆರ್ಟನ್‌ಸ್ಟೈನ್ ಎಂಬ ಸಂಶೋಧಕರು ಅದೇ ಕಂಪನಿಯ ಚಿಪ್ಪುಗಳಲ್ಲಿ ಇನ್ನೊಂದು ದಾರಿ ತೋರಿಸಿದರು. ಅದು ಐಫೋನಿಗೂ ಆಂಡ್ರಾಯ್ಡಿಗೂ ಸಮಾನವಾಗಿ ಅನ್ವಯ. ಯಾವ ಫೋನು ಶ್ರೇಷ್ಠ ಎಂದು ಮದುವೆ ಮನೆಗಳಲ್ಲಿ ನಡೆಯುವ ಜಗಳಕ್ಕೆ ಇಂಥ ಸಮಾಧಾನದ ತೀರ್ಪು ಇನ್ನೊಂದಿಲ್ಲ.

ಬೆಳ್ಳಂದೂರಿನ ನಮ್ಮ ಅಪಾರ್ಟ್‌ಮೆಂಟಿಗೆ ಇಡ್ಲಿ ತರುವ ಹುಡುಗ ಗೇಟಿನಲ್ಲಿ ಹೆಸರು ಹೇಳಬೇಕು, ಫೋಟೊ ತೆಗೆಸಿಕೊಳ್ಳಬೇಕು, ನನ್ನ ಫೋನು ಗಂಟೆ ಹೊಡೆಯಬೇಕು, ನಾನು ಒಪ್ಪಿಗೆ ಒತ್ತಬೇಕು. ಅಷ್ಟಾದ ಮೇಲೂ ಅವನಿಗೆ ಸರ್ವೀಸ್ ಲಿಫ್ಟೇ ಗತಿ. ಈ ಗೇಟಿನ ಆ್ಯಪನ್ನು ಹಾಕಿಸಿದ ಸಮಿತಿಯ ಕಾರ್ಯದರ್ಶಿಗಳು ನೆಟ್‌ವರ್ಕ್ ಕಾರ್ಡುಗಳ ವಿನ್ಯಾಸದಲ್ಲಿ ಪರಿಣತರು. ನೆಟ್‌ವರ್ಕ್ ಕಾರ್ಡಿಗೆ ಡಿಎಂಎ ಎಂಬ ಒಂದು ಸೌಲಭ್ಯವಿದೆ: ಪ್ರೊಸೆಸರನ್ನು ಕೇಳದೆ ಕಂಪ್ಯೂಟರಿನ ನೆನಪಿಗೆ ತಾನೇ ನೇರವಾಗಿ ಹೋಗಿ ಓದಿ ಬರೆದು ಬರಬಹುದು. ಯಾವ ಮನೆಗಾದರೂ, ಯಾವ ಕೋಣೆಗಾದರೂ, ಬೀರುವಿಗಾದರೂ. ಹಾಗಾಗಬಾರದು ಎಂದು ಐಒಎಂಎಂಯು ಎಂಬ ವಾಚ್‌ಮನ್ ಒಬ್ಬನನ್ನು ಕಂಪ್ಯೂಟರಿನೊಳಗೆ ಹುಟ್ಟಿಸಿದ್ದಾರೆ. ಅವನು ಪ್ರತಿಯೊಂದಕ್ಕೂ ಚೀಟಿ ಕೇಳುತ್ತಾನೆ, ಅದರಿಂದ ವೇಗ ಇಳಿಯುತ್ತದೆ. ವೇಗದ ಸ್ಪರ್ಧೆಯ ದಿನ ಅವನಿಗೆ ರಜೆ ಕೊಡುವುದು ನಮ್ಮಲ್ಲಿ ವಾಡಿಕೆ. ಅನೇಕ ಕಡೆ ಆ ರಜೆ ಇನ್ನೂ ಮುಗಿದಿಲ್ಲ.

2019ರಲ್ಲಿ ಕೇಂಬ್ರಿಜ್ ಮತ್ತು ರೈಸ್ ವಿಶ್ವವಿದ್ಯಾಲಯಗಳ ಸಂಶೋಧಕರು "ಥಂಡರ್‌ಕ್ಲ್ಯಾಪ್" ಎಂದು ಹೆಸರಿಟ್ಟು ಒಂದು ವೇಷಗಾರನನ್ನು ತಯಾರಿಸಿದರು. ಲ್ಯಾಪ್‌ಟಾಪಿನ ಪಕ್ಕದ ಕಿಂಡಿಗೆ ಚುಚ್ಚಿದರೆ "ನಾನು ಇಂಟೆಲ್‌ನ ಸಾಮಾನ್ಯ ಎತರ್ನೆಟ್ ಕಾರ್ಡು" ಎಂದು ಪರಿಚಯ ಹೇಳಿಕೊಳ್ಳುವ ಸಾಧನ. ಆಪರೇಟಿಂಗ್ ಸಿಸ್ಟಂ ಆರತಿ ಎತ್ತಿ ಒಳಕ್ಕೆ ಕರೆದು, ಇಂಟೆಲ್ ಡ್ರೈವರನ್ನೇ ಜೊತೆ ಮಾಡಿ ಕೂರಿಸಿತು. ಹಲವು ಕಡೆ ವಾಚ್‌ಮನ್ನನ್ನು ಕೆಲಸಕ್ಕೇ ಕರೆದಿರಲಿಲ್ಲ. ಕರೆದಿದ್ದ ಕಡೆ ಇನ್ನೊಂದು ತಮಾಷೆ. ಅವನಿಗೆ ಗೊತ್ತಿರುವ ಅತಿ ಚಿಕ್ಕ ಅಳತೆ ಒಂದು ಪುಟ, ಅಂದರೆ 4096 ಬೈಟು. ಪ್ಯಾಕೆಟ್ಟಿಗೆ ಬೇಕಾದದ್ದು ಒಂದೂವರೆ ಸಾವಿರ ಚಿಲ್ಲರೆ. ಮಿಕ್ಕ ಜಾಗ ಹಾಳಾಗಬಾರದಲ್ಲ ಎಂದು ಡ್ರೈವರ್ ಬರೆದವರು ಅದೇ ಪುಟದಲ್ಲಿ ಕರ್ನಲ್ಲಿನ ಬೇರೆ ಸಾಮಾನೂ ಜೋಡಿಸಿಟ್ಟಿದ್ದರು. ವಾಚ್‌ಮನ್ ನಿಯಮದಂತೆ ಪುಟಕ್ಕೆ ಪ್ರವೇಶ ಕೊಟ್ಟ. ಅತಿಥಿ ಪ್ಯಾಕೆಟ್ಟಿನ ಜೊತೆ ಪಕ್ಕದ ಡಬ್ಬಿಯನ್ನೂ ತೆರೆದ. ಉಪ್ಪಿನಕಾಯಿ ಭರಣಿಯಲ್ಲೇ ಒಡವೆ ಬಚ್ಚಿಡುವ ಅಭ್ಯಾಸ ನಮ್ಮ ಅಜ್ಜಿಯಂದಿರಿಗೆ ಮಾತ್ರ ಇದೆ ಅಂದುಕೊಂಡಿದ್ದೆ.

ಕರ್ನಲ್ ಅಂದರೆ ಹಳೆ ಮೈಸೂರಿನ ವಠಾರ. ಒಂದೇ ನಲ್ಲಿ, ಒಂದೇ ಅಂಗಳ, ಮನೆಗಳ ನಡುವಿನ ಗೋಡೆಯೂ ಅರ್ಧಕ್ಕೇ ನಿಂತಿದೆ. 2008ರಲ್ಲಿ ಲಿನಕ್ಸ್ 2.6.27 ಬಿಡುಗಡೆಗೆ ಸಿದ್ಧವಾಗುತ್ತಿದ್ದಾಗ ಇಂಟೆಲ್‌ನ ಎತರ್ನೆಟ್ ಕಾರ್ಡುಗಳು ಇದ್ದಕ್ಕಿದ್ದಂತೆ ಶಾಶ್ವತವಾಗಿ ಸಾಯತೊಡಗಿದವು. ಕಾರ್ಡಿನ ಒಳನೆನಪನ್ನೇ ಯಾರೋ ಕೆಡಿಸುತ್ತಿದ್ದರು. ವಾರಗಟ್ಟಲೆ ಡ್ರೈವರಿಗೆ ಬೈಗುಳ. ಕೊನೆಗೆ ಸಿಕ್ಕಿಬಿದ್ದವನು ವಠಾರದ ಇನ್ನೊಂದು ಮನೆಯವನು: ಕರ್ನಲ್ಲಿನ ಕೋಡು ಎಲ್ಲೆಲ್ಲಿ ಓಡುತ್ತಿದೆ ಎಂದು ಪತ್ತೆ ಹಚ್ಚುವ ಸಾಧನ. ಖಾಲಿಯಾದ ಮನೆಗೆ ಹಳೆಯ ವಿಳಾಸ ನಂಬಿ ನುಗ್ಗಿ ಬರೆದಿದ್ದ, ಅಷ್ಟರಲ್ಲಿ ಅಲ್ಲಿಗೆ ಕಾರ್ಡಿನ ಒಳನೆನಪು ಬಾಡಿಗೆಗೆ ಬಂದಿತ್ತು. ಪತ್ತೇದಾರನೇ ಕೊಲೆಗಾರ.

ವಠಾರ ಬೇಡ, ಡ್ರೈವರುಗಳಿಗೆ ಹೊರಗಡೆ ಪ್ರತ್ಯೇಕ ಮನೆ ಕಟ್ಟಿಕೊಡಿ ಎಂಬ ವಾದ ಹಳೆಯದು. 1992ರಲ್ಲಿ ಪ್ರೊಫೆಸರ್ ಆ್ಯಂಡ್ರೂ ಟನೆನ್‌ಬಾಮ್ ಅವರು ಲಿನಕ್ಸ್ ಬರೆದ ಲಿನಸ್ ಟಾರ್ವಾಲ್ಡ್ಸ್ ಎಂಬ ಹುಡುಗನಿಗೆ ಅಂಥ ವಿನ್ಯಾಸದ ಪಾಠ ಹೇಳಿದರು. ಹುಡುಗ ಕೇಳಲಿಲ್ಲ, ಗೆದ್ದ. ಪ್ರೊಫೆಸರರದೇ ಆಪರೇಟಿಂಗ್ ಸಿಸ್ಟಂ ಆದ ಮಿನಿಕ್ಸ್ ಯಾರಿಗೂ ಬೇಡವಾಯಿತು ಎಂದು ಜಗತ್ತು ನಂಬಿದ್ದಾಗ, 2017ರಲ್ಲಿ ಗೊತ್ತಾಯಿತು: ಇಂಟೆಲ್ ತನ್ನ ಚಿಪ್‌ಸೆಟ್ಟುಗಳ ಒಳಗಿನ ಗುಪ್ತ ನಿರ್ವಹಣಾ ಎಂಜಿನ್ನಿನಲ್ಲಿ ಓಡಿಸುತ್ತಿದ್ದದ್ದು ಮಿನಿಕ್ಸನ್ನೇ. ಪ್ರೊಫೆಸರರಿಗೂ ಆಗಲೇ ತಿಳಿದದ್ದು. ಭದ್ರವಾದ ವಿನ್ಯಾಸವನ್ನು ಕಂಪನಿಗಳು ಬಳಸುವುದಿಲ್ಲ ಎನ್ನುವುದು ಸುಳ್ಳು. ತಮ್ಮ ಸ್ವಂತ ಗುಟ್ಟಿನ ಕೋಣೆಗೆ ಬಳಸುತ್ತವೆ.

ಗುಟ್ಟಿನ ಮಾತು ಬಂದದ್ದರಿಂದ ಹೇಳುತ್ತೇನೆ. ಹಾರ್ಡ್‌ವೇರಿನ ಕೈಪಿಡಿ ಕೊಡಿ, ಡ್ರೈವರನ್ನು ನಾವೇ ಬರೆದುಕೊಳ್ಳುತ್ತೇವೆ ಎಂದು ಹೊರಗಿನವರು ಕೇಳಿದರೆ ಕಂಪನಿಗಳ ಮುಖ ಹುಣಸೆಹಣ್ಣು ತಿಂದಂತಾಗುತ್ತದೆ. ಗೋಪ್ಯತೆಯ ಕರಾರಿಗೆ ಸಹಿ ಹಾಕಿ ಅನ್ನುತ್ತಾರೆ. ಓಪನ್‌ಬಿಎಸ್‌ಡಿ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂನ ಥಿಯೊ ಡಿ ರಾಟ್ ಸಹಿ ಹಾಕುವ ಜಾತಿಯವರಲ್ಲ. ಒಳಗೇನಿದೆಯೆಂದು ಓದಲಾಗದ ಡ್ರೈವರನ್ನು ಮನೆಗೇ ಸೇರಿಸುವುದಿಲ್ಲ ಎಂದು ಅವರ ಬಳಗ ಹಟ ಹಿಡಿಯಿತು. 2006ರ ಮೇ ತಿಂಗಳ ಆವೃತ್ತಿಯನ್ನು ಈ ಗಂಟುಮೂಟೆಗಳ ವಿರುದ್ಧದ ಲೇವಡಿಗೇ ಮೀಸಲಿಟ್ಟರು. ಅಥೆರೋಸ್ ಎಂಬ ವೈಫೈ ಚಿಪ್ ಕಂಪನಿಯ ಗುಟ್ಟಿನ ತುಂಡನ್ನು ಅವರಲ್ಲೊಬ್ಬರು ಚಿಪ್ಪಿನ ನಡವಳಿಕೆ ನೋಡಿ ನೋಡಿಯೇ ಮರಳಿ ಬರೆದರು. ಗುಟ್ಟು ಬಯಲಾದರೆ ಜನ ರೇಡಿಯೊ ನಿಯಮ ಮುರಿದಾರು ಎಂಬುದು ಗುಟ್ಟಿಗೆ ಕೊಟ್ಟಿದ್ದ ಕಾರಣ. 2008ರಲ್ಲಿ ಅದೇ ಕಂಪನಿ ತಾನೇ ಮುಕ್ತ ಡ್ರೈವರ್ ಬಿಡುಗಡೆ ಮಾಡಿತು. ಆಕಾಶ ಕಳಚಿ ಬೀಳಲಿಲ್ಲ, ರೇಡಿಯೊ ಮಿರ್ಚಿಯೂ ನಿಲ್ಲಲಿಲ್ಲ.

ಗುಟ್ಟು ಯಾಕೆಂದು ಒಳಗಿದ್ದವನಾಗಿ ನನಗೆ ಗೊತ್ತು. ಬಚ್ಚಿಡುವಂಥ ಜಾಣತನ ಅಲ್ಲಿ ಅಷ್ಟಿಲ್ಲ, ನಾಚಿಕೆ ಇದೆ. ಎಸ್.ಪಿ. ರಸ್ತೆಯಲ್ಲಿ ಒಂದು ಕಾಲಕ್ಕೆ ಕಡಲೆಕಾಯಿಯಂತೆ ಬಿಕರಿಯಾಗುತ್ತಿದ್ದ ರಿಯಲ್‌ಟೆಕ್ 8139 ಚಿಪ್ಪಿನ ಕಾರ್ಡುಗಳು ನೆನಪಿರಬಹುದು. ಫ್ರೀಬಿಎಸ್‌ಡಿಗೆ ಅದರ ಡ್ರೈವರ್ ಬರೆದ ಬಿಲ್ ಪಾಲ್, ಈ ಚಿಪ್ಪು ಕಳಪೆ ಎಂಬ ಮಾತಿನ ಅರ್ಥವನ್ನೇ ಹೊಸದಾಗಿ ಬರೆಸಿದೆ ಎಂಬ ಧಾಟಿಯಲ್ಲಿ ಕೋಡಿನ ಟಿಪ್ಪಣಿಯಲ್ಲೇ ಶಪಿಸಿಟ್ಟಿದ್ದಾರೆ. ಪ್ರತಿ ಪ್ಯಾಕೆಟ್ಟನ್ನೂ ಪ್ರೊಸೆಸರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊತ್ತು ಹಾಕಬೇಕು, ಕಳಿಸಲು ಇರುವುದು ನಾಲ್ಕೇ ತಟ್ಟೆ. ಚಿಪ್ಪಿನಲ್ಲಿ ಉಳಿಸಿದ ಕಾಸಿನ ಹೊರೆಯೆಲ್ಲ ಕೊಸರಿನ ತಲೆಗೆ. ಅದನ್ನು ಎಲ್ಲರೂ ಓದುವ ಕೈಪಿಡಿಯಲ್ಲಿ ಅಚ್ಚು ಹಾಕಿಸಲು ಯಾವ ಮಾವ ಒಪ್ಪುತ್ತಾನೆ?

ಗುಟ್ಟಿನ ಫಲ 2013ರಲ್ಲಿ ಕ್ರಿಸ್ಟಿಯನ್ ಕೀಲ್‌ಹೋಫ್ನರ್ ಎಂಬ ಅಮೆರಿಕದ ಎಂಜಿನಿಯರಿಗೆ ದಕ್ಕಿತು. ಅವರ ಇಂಟರ್ನೆಟ್ ದೂರವಾಣಿ ಯಂತ್ರಗಳಲ್ಲಿ ಇಂಟೆಲ್ 82574ಎಲ್ ಎಂಬ ಎತರ್ನೆಟ್ ಚಿಪ್ಪು ಆಗಾಗ ಮೂರ್ಛೆ ಹೋಗುತ್ತಿತ್ತು. ಕರೆಂಟು ತೆಗೆದು ಹಾಕುವವರೆಗೆ ಎಚ್ಚರವೇ ಇಲ್ಲ. ತಿಂಗಳುಗಟ್ಟಲೆ ಬೆನ್ನುಹತ್ತಿ ನೋಡಿದರೆ ಕಾರಣ: ಪ್ಯಾಕೆಟ್ಟಿನ ತಲೆಯಿಂದ 1151 ಬೈಟು ದಾಟಿದ ಮೇಲಿನ ಬೈಟಿನಲ್ಲಿ "2" ಎಂಬ ಅಂಕಿ ಬಂದರೆ ಚಿಪ್ಪು ಸಾಯುತ್ತದೆ. ಅದೇ ಜಾಗದಲ್ಲಿ ಮೊದಲೇ "4" ಬಂದಿದ್ದರೆ ಲಸಿಕೆ ಹಾಕಿಸಿಕೊಂಡ ಹಾಗೆ, ಆಮೇಲೆ ಎಷ್ಟು "2" ಬಂದರೂ ಏನೂ ಆಗುವುದಿಲ್ಲ. ಇದು ಎಂಜಿನಿಯರಿಂಗೋ ಪಂಚಾಂಗವೋ? ಒಬ್ಬ ಮದರ್‌ಬೋರ್ಡ್ ತಯಾರಕ ಚಿಪ್ಪಿನ ಒಳನೆನಪಿಗೆ ತಪ್ಪು ದತ್ತಾಂಶ ತುಂಬಿದ್ದೇ ಕಾರಣ ಎಂದು ಇಂಟೆಲ್ ಸಮಜಾಯಿಷಿ ಕೊಟ್ಟಿತು. ಇರಬಹುದು. ಸಾಮಾನ್ಯ ಡೇಟಾದಲ್ಲಿ ಬರುವ ಒಂದು ಅಂಕಿ ಕಾರ್ಡನ್ನು ಕೊಲ್ಲುವಷ್ಟು ದೊಡ್ಡ ಗುಂಡಿ ಆ ದತ್ತಾಂಶದಲ್ಲಿ ಇರಬಹುದೆಂದು ಮಾತ್ರ ಹೊರಗಿನ ಯಾವ ಡ್ರೈವರ್ ಬರಹಗಾರನಿಗೂ ತಿಳಿದಿರಲು ಸಾಧ್ಯವಿರಲಿಲ್ಲ.

ಸುಧಾರಣೆಯ ಗಾಳಿ ಬೀಸುತ್ತಿದೆ ಎನ್ನುತ್ತಾರೆ. ಉದ್ದವನ್ನು ತಾನೇ ಪರೀಕ್ಷಿಸುವ ರಸ್ಟ್ ಎಂಬ ಭಾಷೆ 2022ರ ಡಿಸೆಂಬರಿನಲ್ಲಿ ಲಿನಕ್ಸ್ ಕರ್ನಲ್ಲಿನ ಹೊಸ್ತಿಲು ದಾಟಿತು. 2024ರ ಮಾರ್ಚಿನ 6.8 ಆವೃತ್ತಿಯಲ್ಲಿ ಎತರ್ನೆಟ್ಟಿನದೇ ಒಂದು ಪುಟ್ಟ ಡ್ರೈವರ್ ರಸ್ಟ್‌ನಲ್ಲಿ ಬಂತು. ಮರುವರ್ಷ, ಮೇಲೆ ಹೇಳಿದ ಡಿಎಂಎ ಬಾಗಿಲಿಗೆ ರಸ್ಟ್‌ನ ಒಂದು ಹಿಡಿಕೆ ಕೂರಿಸಲು ಹೋದಾಗ ಆ ಭಾಗ ನೋಡಿಕೊಳ್ಳುತ್ತಿದ್ದ ಕ್ರಿಸ್ಟೋಫ್ ಹೆಲ್‌ವಿಗ್ ಸಾಧ್ಯವೇ ಇಲ್ಲ ಎಂದರು. ಒಂದು ಮನೆಯಲ್ಲಿ ಎರಡು ಭಾಷೆ ಬೆರೆಸುವುದನ್ನು ಅವರು ಕ್ಯಾನ್ಸರಿಗೆ ಹೋಲಿಸಿದರು. ರಾಜೀನಾಮೆಗಳಾದವು. ಕೊನೆಗೆ ಟಾರ್ವಾಲ್ಡ್ಸ್ ನಡುವೆ ಬಂದು, ನಿಮ್ಮ ಕೋಡಿನಲ್ಲಿ ರಸ್ಟ್ ಬೇಡದಿದ್ದರೆ ಬೇಡ, ಆದರೆ ಆ ಕೋಡನ್ನು ಬಳಸುವವರನ್ನು ತಡೆಯುವಂತಿಲ್ಲ ಎಂದು ತೀರ್ಪಿತ್ತರು. ಬೋರ್ಡಿನ ಮೇಲೆ ಯಾವ ಭಾಷೆ ಎಷ್ಟಿರಬೇಕು ಎಂಬ ಜಗಳ ಬೆಂಗಳೂರಿಗರಿಗೆ ಹೊಸದೇನಲ್ಲ. ಅರವತ್ತು ಭಾಗ ಹಳೆಯ ಸಿ ಭಾಷೆ, ನಲವತ್ತು ಭಾಗ ರಸ್ಟ್ ಎಂದು ನಮ್ಮ ಶಾಸನಸಭೆಯಿಂದ ಒಂದು ಕಾಯ್ದೆ ಎರವಲು ಕೊಡಬಹುದಿತ್ತು. ನನಗೆ ರಸ್ಟ್ ಇಷ್ಟವೇ. ಆದರೆ 32 ಸೀಟಿನ ಬಸ್ಸಿಗೆ ಎಷ್ಟು ಜನ ಹತ್ತಿದರು ಎಂದು ಎಣಿಸಲು ಹೊಸ ಭಾಷೆ ಬೇಕೇಬೇಕೇನೂ ಅಲ್ಲ. ಎಣಿಸುವವನಿಗೆ ಸಂಬಳ ಕೊಡಬೇಕು.

ನಮ್ಮನೆ ಫ್ರಿಜ್ಜಿನ ಮೇಲೆ ಲಾಫಿಂಗ್ ಬುದ್ಧನ ಪಕ್ಕ ಕೂತಿರುವ ರೂಟರನ್ನು ಮೊನ್ನೆ ಬಿಚ್ಚಿ ನೋಡಿದೆ. ಕೊಂಡದ್ದು 2018ರಲ್ಲಿ, ಒಳಗಿನ ಕರ್ನಲ್ 2.6ರ ಸಾಲಿನದು. ಆ ಸಾಲು 2011ರಲ್ಲೇ ಮುಗಿದು 3.0 ಬಂದಿತ್ತು. ಹುಟ್ಟುವಾಗಲೇ ಅದಕ್ಕೆ ಏಳು ವರ್ಷದ ಹಳೆ ಕಾಯಿಲೆ. ಚಿಪ್ಪಿನ ಡ್ರೈವರ್ ಆ ಒಂದೇ ಕರ್ನಲ್ಲಿಗೆ ಹೊಲಿದದ್ದು, ಮುಚ್ಚಿದ ಗಂಟು. ಹೊಸ ಕರ್ನಲ್ಲಿಗೆ ಹೊಂದಿಸಲು ಚಿಪ್ಪಿನವರಿಗೆ ಕಾಸಿಲ್ಲದ ಕೆಲಸ, ಪೆಟ್ಟಿಗೆಯವರಿಗೆ ಕೈಲಾಗದ ಕೆಲಸ. ಅಪ್‌ಡೇಟ್ ಗುಂಡಿ ಒತ್ತಿದರೆ "ನಿಮ್ಮಲ್ಲಿರುವುದೇ ಇತ್ತೀಚಿನ ಆವೃತ್ತಿ" ಎನ್ನುತ್ತದೆ. ಸುಳ್ಳಲ್ಲ, ಇದರ ನಂತರ ಅವರು ಏನೂ ಮಾಡಿಲ್ಲ.

ಕಳೆದ ಆಯುಧಪೂಜೆಯ ದಿನ ನಮ್ಮ ಲ್ಯಾಬಿಗೂ ಪೂಜೆ. ಬಾಳೆಕಂದು ಕಟ್ಟಿ, ಟೆಸ್ಟ್ ಬೋರ್ಡುಗಳಿಗೆಲ್ಲ ಅರಿಶಿನ ಕುಂಕುಮ ಇಟ್ಟು ಕಾಯುತ್ತಿದ್ದೆವು. ಬೋರ್ಡುಗಳ ಮೇಲೆ ನಮ್ಮ ಡ್ರೈವರಿನ ಒಂದು ಹೊಸ ಬಿಲ್ಡ್ ಓಡುತ್ತಿತ್ತು, ಸಂಜೆ ಆರಕ್ಕೆ ಗಿರಾಕಿಗಳಿಗೆ ಹೋಗಬೇಕು. ಸೆಕ್ಯುರಿಟಿ ರಿವ್ಯೂ ಎಂಬ ಕಾಲಂನಲ್ಲಿ "ಮುಂದಿನ ರಿಲೀಸಿಗೆ" ಎಂದು ತುಂಬಿ ಮ್ಯಾನೇಜರು ಬೆಳಿಗ್ಗೆಯೇ ಸಹಿ ಮಾಡಿದ್ದರು. ಶಾಸ್ತ್ರಿಗಳು ಮಾತ್ರ ಪತ್ತೆಯಿಲ್ಲ. ಮುಕ್ಕಾಲು ಗಂಟೆಯ ಮೇಲೆ ಕೆಳಗೆ ಹೋಗಿ ನೋಡಿದರೆ ರಿಸೆಪ್ಷನ್ನಿನಲ್ಲಿ ಪಂಚೆ ಉಟ್ಟು ಕೈಕಟ್ಟಿ ನಿಂತಿದ್ದಾರೆ. ಆಧಾರ್ ತೋರಿಸಿಯಾಗಿದೆ, ಫೋಟೊ ಆಗಿದೆ, ಫೋನಿನ ಕ್ಯಾಮೆರಾಗೆ ಕೆಂಪು ಚೀಟಿ ಅಂಟಿಸಿಯಾಗಿದೆ. ಪಂಚಪಾತ್ರೆ, ಉದ್ಧರಣೆ ಎಕ್ಸ್‌ರೇ ಯಂತ್ರದಲ್ಲಿ ಪಾಸಾಗಿವೆ. ಬೂದುಗುಂಬಳಕಾಯಿ ಕೊಯ್ಯುವ ಚಾಕು ಫೇಲಾಗಿದೆ.

"ಏನು ಸ್ವಾಮಿ ಇದು" ಎಂದರು ಶಾಸ್ತ್ರಿಗಳು, ಕೊರಳಲ್ಲಿ ವಿಸಿಟರ್ ಪಟ್ಟಿ ಸರಿಮಾಡಿಕೊಳ್ಳುತ್ತ, "ಒಳಗೆ ಅಂಥದ್ದೇನು ಇಟ್ಟಿದೀರಿ?"

ಅರ್ಧ ಗಂಟೆ ವಾದ ಮಾಡಿ ಒಂದು ಒಪ್ಪಂದಕ್ಕೆ ಬಂದೆವು. ಚಾಕು ಗೇಟಿನಲ್ಲೇ ಉಳಿಯಿತು. ಕುಂಬಳಕಾಯನ್ನು ಗಾರ್ಡೇ ಅಲ್ಲಿ ಕೊಯ್ದು, ಎರಡೂ ಹೋಳನ್ನು ರಿಜಿಸ್ಟರಿನಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಂಡು, ಒಳಕ್ಕೆ ಬಿಟ್ಟರು. ಬಿಲ್ಡು ಆರು ಗಂಟೆಗೆ ಸರಿಯಾಗಿ ಹೊರಗೆ ಹೋಯಿತು. ಅದನ್ನು ಯಾರೂ ಗೇಟಿನಲ್ಲಿ ತಡೆಯಲಿಲ್ಲ.